ಎದೆಯಿಂದ ಬರಲಿ

ಹೆಸರು ಉಗ್ರಪ್ಪ. ದನಿ ಅಮ್ಮನದು.
ಬ್ಯಾಂಕಿನ ಹುಡುಗಿಯರು ಫೋನಿನಲ್ಲಿ ಇವತ್ತಿಗೂ
ಮೇಡಂ ಅಂತಲೇ ಶುರುಮಾಡುತ್ತಾರೆ.
ತಿದ್ದುವುದಿಲ್ಲ. ಮೇಡಂಗೆ ಸಾಲ ಬೇಡವಮ್ಮ ಅನ್ನುತ್ತೇನೆ.

ಆದರೂ ಇಪ್ಪತ್ತೆರಡು ವರ್ಷದಿಂದ
ಈ ಊರಿನ ಗಂಡಸು ನಾನೇ.
ಶೇಷಾದ್ರಿಪುರದ ಒಂದು ನೆಲಮಾಳಿಗೆ,
ಗೋಡೆ ತುಂಬ ಮೊಟ್ಟೆಯ ಟ್ರೇಯಂಥ ಸ್ಪಂಜು,
ಫ್ಯಾನು ಹಾಕುವಂತಿಲ್ಲ, ಸದ್ದು ಬರುತ್ತದೆ.
ಗಾಜಿನಾಚೆ ಅಲೋಶಿಯಸ್. ಹೆಡ್‌ಫೋನು ಒಂದೇ ಕಿವಿಗೆ,
ಇನ್ನೊಂದು ಕಿವಿ ದೋಸೆ ತರುವ ಹುಡುಗನಿಗೆ.

ಬೆಳಿಗ್ಗೆ ಸಿಮೆಂಟು.
ಪರದೆಯ ಮೇಲೊಬ್ಬ ಬೆಟ್ಟ ನೋಡುತ್ತಾ ನಿಂತಿದ್ದಾನೆ.
ಯಾಕೆ ನಿಂತಿದ್ದಾನೆ, ಯಾರೂ ಹೇಳುವುದಿಲ್ಲ.
ಅಂಗಿಗೆ ಮೇಲಿನ ಗುಂಡಿ ಎರಡಿಲ್ಲ, ಮಂಡಿನೋವಿಲ್ಲ,
ಯಾವ ಬಸ್ಸಿಗೂ ಕಾಯುತ್ತಿಲ್ಲ.
ತಲೆಮಾರುಗಳು ನಿಲ್ಲಲಿ, ಅನ್ನಬೇಕು ನಾನು.
ಅಂದೆ.
"ಎದೆಯಿಂದ ಬರಲಿ ಉಗ್ರಪ್ಪ, ಇದು ಮೂಗಿನಿಂದ ಬಂತು."
ಗದ್ದವನ್ನು ಕುತ್ತಿಗೆಗೆ ಒತ್ತಿ, ಹೊಟ್ಟೆ ಬಿಗಿಹಿಡಿದು,
ಬಾವಿಗೆ ಬಿಂದಿಗೆ ಬಿಟ್ಟ ಹಾಗೆ
ದನಿಯನ್ನು ಕತ್ತಲೆಯವರೆಗೆ ಇಳಿಬಿಟ್ಟು, ತುಂಬಿಸಿ, ಎಳೆದೆ.
"ಹಾಂ. ಇದು ಗಂಡಸು."

ಮಧ್ಯಾಹ್ನ ಪಾತ್ರೆ ತೊಳೆಯುವ ಸೋಪು.
ಅದೇ ಮನುಷ್ಯ, ಅದೇ ಗಡ್ಡ. ಈಗ ಏಪ್ರನ್ ಕಟ್ಟಿದ್ದಾರೆ.
ಉಪ್ಪು ಯಾವುದು ಸಕ್ಕರೆ ಯಾವುದು ಗೊತ್ತಾಗುವುದಿಲ್ಲ ಅವನಿಗೆ,
ಬಾಣಲೆ ತಳಹಿಡಿಸಿ ಮಿಕಮಿಕ ನೋಡುತ್ತಾನೆ.
ಹೆಂಡತಿ ಬರುತ್ತಾಳೆ, ಅತ್ತೆ ಬರುತ್ತಾಳೆ,
ಆರು ವರ್ಷದ ಮಗಳೂ ಸೊಂಟಕ್ಕೆ ಕೈಯಿಟ್ಟು
ಬುದ್ಧಿ ಹೇಳುತ್ತಾಳೆ.
ಮೂವತ್ತು ಸೆಕೆಂಡಿನಲ್ಲಿ ನನ್ನ ಪಾಲಿಗೆ ಒಂದೇ ಮಾತು:
"ಅಯ್ಯೋ?"

ನಮ್ಮಪ್ಪ ಬಟ್ಟೆ ಮಿಲ್ಲಿನ ಕ್ಯಾಂಟೀನಿನಲ್ಲಿ
ದಿನಾ ಇನ್ನೂರು ಜನಕ್ಕೆ ಮುದ್ದೆ ತೊಳಸಿದವನು.
ಸಾರಿಗೆ ಉಪ್ಪು ಹಾಕುವಾಗ ಬೇಕಂತಲೇ
ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ, ಜಂಬಕ್ಕೆ.
ಇದನ್ನು ಯಾವ ಮೈಕಿಗೆ ಹೇಳಲಿ?
ಅಯ್ಯೋ ಅಂದದ್ದಕ್ಕೆ ಬೇರೆ ದುಡ್ಡೂ ಇಲ್ಲ,
ಸಿಮೆಂಟಿನ ಬಿಲ್ಲಿಗೇ ಸೇರಿಸಿಬಿಡುತ್ತಾರೆ.

ಸಂಜೆಯದು ಹೊಸತು.
ವಿಮೆಯವರದು: ಗಂಡಸರೂ ಅಳಬಹುದು.
ಬರೆದ ಹುಡುಗ ಕೋರಮಂಗಲದಿಂದ ತಾನೇ ಬಂದಿದ್ದ,
ಒಳ್ಳೆಯವನು, ನನಗೆ ಕುರ್ಚಿ ಎಳೆದುಕೊಟ್ಟ.
"ಕಾಲ ಬದಲಾಗಿದೆ ಸಾರ್. ಮನಸ್ಸು ಬಿಚ್ಚಿ ಅಳಿ."

ಅತ್ತೆ.
ಎಲ್ಲಿತ್ತೋ ಏನೋ. ಅಪ್ಪನ ಮುಂಗೈ ತುಂಬ ಇದ್ದ ಸುಟ್ಟಕಲೆ,
ತಂಗಿಯ ಮದುವೆಯ ದಿನ ಛತ್ರದ ಹಿಂದೆ,
ಎಂಜಲೆಲೆಯ ರಾಶಿ ಪಕ್ಕ ನಿಂತು ನುಂಗಿಕೊಂಡದ್ದು,
ಎಲ್ಲ ಒಟ್ಟಿಗೇ ಬಂತು,
ಸಿಂಬಳದ ಸಮೇತ, ಬಿಕ್ಕಳಿಕೆ ಸಮೇತ, ಪೂರ್ತಿ ಅಮ್ಮನ ದನಿಯಲ್ಲಿ.

ಗಾಜಿನಾಚೆ ಯಾರೂ ಮಾತಾಡಲಿಲ್ಲ.
ಆಮೇಲೆ ಗುಂಡಿ ಒತ್ತಿ ಅಲೋಶಿಯಸ್, ಮೆತ್ತಗೆ:
"ಮೂಗಿನ ಸದ್ದು ಜಾಸ್ತಿ ಆಯ್ತು. ಸ್ವಲ್ಪ ನೀಟಾಗಿ.
ಒಂದೇ ಹನಿ ಸಾಕಂತೆ. ದವಡೆ ಗಟ್ಟಿಯಿರಲಿ."
ಏಳನೇ ಟೇಕು ಓಕೆ ಆಯಿತು.
ಅಳುವೂ ಕೊನೆಗೆ ಎದೆಯಿಂದಲೇ ಬಂತು.

ಸುಂಕದಕಟ್ಟೆಯಲ್ಲಿ ಇಳಿದಾಗ ಹತ್ತೂವರೆ.
ಪಕ್ಕದ ಮನೆಯ ಟೀವಿಯಿಂದ ಗೋಡೆ ದಾಟಿ
ನಾನೇ ಗುಡುಗುತ್ತಿದ್ದೆ, ಹೋದ ವರ್ಷದ ಬನಿಯನ್ನು:
ಗುಂಡಿಗೆ ಇದ್ದವನಿಗೆ!
ನನ್ನ ಬನಿಯನ್ನು ತಂತಿಯ ಮೇಲೆ, ಕಂಕುಳಲ್ಲಿ ತೂತು.
"ಏನಿವತ್ತು?" ಅಂದಳು ನಾಗವೇಣಿ, ತಟ್ಟೆ ಇಡುತ್ತಾ.
"ಸಿಮೆಂಟು, ಸೋಪು, ಅಳು."
"ಯಾವುದಕ್ಕೆ ಜಾಸ್ತಿ ಕೊಟ್ರು?"
"ಸಿಮೆಂಟಿಗೆ."
ಅವಳು ನಕ್ಕಳೋ, ಪಾತ್ರೆ ಸದ್ದೋ, ತಿಳಿಯಲಿಲ್ಲ.

ಎರಡು ತುತ್ತು ಇಳಿದಿರಲಿಲ್ಲ, ಫೋನು.
ನೀರಿನ ಟ್ಯಾಂಕರಿನವನು. ಕೆಳಗೆ ಇಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು.
"ಮೇಡಂ, ಗೇಟ್ ತೆಗೀರಿ. ಪೈಪು ಹಿಡಿಯೋಕೆ
ಮನೇಲಿ ಯಾರಾದ್ರೂ ಗಂಡಸರಿದ್ರೆ ಕಳ್ಸಿ."

"ನೋಡ್ತೀನಿ ಕಣಪ್ಪ" ಅಂದೆ,
ಮೂಗಿನಿಂದಲೇ.