ಬಾಯಿಮಾತು

ಬೆಳಗಿನ ಐದಕ್ಕೆ ಉದ್ದ ಕೋಲಿನವನು ಬಂದು
ಮಹಡಿ ಕಿಟಕಿಗೆ ಮೂರು ಸಲ ತಟ್ಟುತ್ತಿದ್ದ.
ವಾರಕ್ಕೆ ಎರಡು ಪೆನ್ನಿ, ನಿದ್ದೆ ಕೆಡಿಸಿದ್ದಕ್ಕೆ.
ಆಮೇಲೆ ಬರ್ನ್‌ಲಿಯ ಕಲ್ಲುಬೀದಿಯ ತುಂಬ
ಮರದಟ್ಟೆಯ ಜೋಡುಗಳ ಸದ್ದು, ಅದರೊಳಗೆಲ್ಲೋ
ನನ್ನಮ್ಮ, ಥರ್ಜಾ ಆರ್ಮರಾಡ್, ನಾಲ್ಕು ಮಗ್ಗಗಳ ಆಳು.

ಅಜ್ಜ ಈನಕ್‌ನ ಕಾಲಕ್ಕೆ ಮಗ್ಗ ಮನೆಯೊಳಗೇ ಇತ್ತಂತೆ,
ಹಾಸಿಗೆಯ ಪಕ್ಕ.
ಸೋಮವಾರ ಮನಸ್ಸಿಲ್ಲದಿದ್ದರೆ ನೇಯುತ್ತಿರಲಿಲ್ಲ,
ಹುರುಳಿಕಾಯಿ ಬಳ್ಳಿಗೆ ಕಡ್ಡಿ ನೆಡುತ್ತಿದ್ದ.
ಶುಕ್ರವಾರ ರಾತ್ರಿಯಿಡೀ ದೀಪ ಉರಿಸಿ ಸರಿದೂಗಿಸುತ್ತಿದ್ದ.
ಹೊಟ್ಟೆ ತುಂಬುತ್ತಿತ್ತೇ ಅಜ್ಜ? ಎಂದರೆ
ಬಳ್ಳಿಯ ಮಾತಿಗೇ ಮರಳುತ್ತಿದ್ದ.

ಅಮ್ಮನ ಶೆಡ್ಡಿನಲ್ಲಿ ಎಂಟುನೂರು ಮಗ್ಗ.
ಗರಗಸದ ಹಲ್ಲಿನ ಮಾಡು, ಉತ್ತರದ ಬೆಳಕು,
ಪಕ್ಕದ ಕೋಣೆಯಲ್ಲಿ ಉಗಿಯ ಎಂಜಿನ್ನು.
ಅದಕ್ಕೆ ಮಾಲೀಕನ ಮಗಳ ಹೆಸರು, ಬೀಟ್ರಿಸ್.
ಬೀಟ್ರಿಸ್ ಉಸಿರೆಳೆದಳೋ
ಚರ್ಮದ ಪಟ್ಟಿಗಳೆಲ್ಲ ಒಟ್ಟಿಗೇ ತಿರುಗಿ
ನೆಲ ಹಲ್ಲು ಕಡಿಯುತ್ತಿತ್ತು.

ಆ ಸದ್ದಿನಲ್ಲಿ ಮಾತು ಕಾದ ಹೆಂಚಿಗೆ ಬಿದ್ದ ಹನಿ.
ಹೆಂಗಸರು ಬಟಾಣಿ ಸುಲಿದಂತೆ
ಮಾತಿನಿಂದ ದನಿಯನ್ನು ಬಿಡಿಸಿ ಎಸೆದರು.
ಉಳಿದದ್ದು ತುಟಿ, ಹುಬ್ಬು, ಗದ್ದದ ಒಂದು ಕೊಂಕು.
ಬಾಯಿಮಾತು ಎಂದರೆ ನಿಜಕ್ಕೂ ಅದೇ,
ಬರೀ ಬಾಯಿ.
ಕೆಝಾಯಾ ತನ್ನ ಗಂಡ ಕುಡಿದು ಬಂದ ಕತೆಯನ್ನು
ಮೂರು ಸಾಲು ಮಗ್ಗ ದಾಟಿಸಿ ಹೇಳುವಳು,
ನಡುವೆ ಮೇಸ್ತ್ರಿ ನಿಂತಿರುವನು, ಬೆನ್ನು ಹಾಕಿ,
ಅವನ ಮೀಸೆಯ ವಿಷಯವೂ ಅವನ ಹೆಗಲ ಮೇಲಿಂದಲೇ ಹಾದುಹೋಗುವುದು.

ಲಾಳಿಯ ಕಣ್ಣಿಗೆ ತುಟಿಯಿಟ್ಟು ನೂಲು ಹೀರಬೇಕು,
ದಿನಕ್ಕೆ ಮುನ್ನೂರು ಸಲ.
ಮುತ್ತಿಡುವುದು ಅನ್ನುತ್ತಿದ್ದರು ಅದಕ್ಕೆ.
ಅಪ್ಪನಿಗೆ ಇಡೀ ಜನ್ಮದಲ್ಲಿ ಅಷ್ಟು ಸಿಕ್ಕಿರಲಾರವು.
ಎದುರಿನ ಎರಡು ಹಲ್ಲು ಹೋದವು.
ಥರ್ಜಾಳ 'ಫ' ಈಗ ಓದಲಿಕ್ಕಾಗದು, ಎಂದು ಕೆಝಾಯಾ ನೊಂದುಕೊಂಡಳು.
ಕಿವಿ ಯಾವಾಗ ಹೋಯಿತೋ
ಯಾರೂ ಗಮನಿಸಲಿಲ್ಲ, ಅಮ್ಮನೂ.

ಮನೆಯಲ್ಲೂ ಅದೇ. ದನಿಯಿಲ್ಲದೆ ಬೈಯುವಳು;
ನಾನು ಬೆನ್ನು ತಿರುಗಿಸಿದರೆ ಬೈಗುಳ ಮುಗಿಯಿತು.
ಚರ್ಚಿನಲ್ಲಿ ಪಾದ್ರಿಯ ತುಟಿ ಓದುವಳು.
ಗಡ್ಡದ ಪಾದ್ರಿ ಬಂದ ವರ್ಷ
ದೇವರು ಏನೂ ಹೇಳಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಮ್ಯಾಂಚೆಸ್ಟರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ.
ಹಗ್ಗ ಎಳೆ, ತೂತಿಗೆ ಚುಚ್ಚು, ಕೀಳು, ಮತ್ತೆ ಚುಚ್ಚು.
ಇದೂ ನೇಯ್ಗೆಯೇ ಅಮ್ಮ, ಹಾಸು ಹೊಕ್ಕು, ಅಂದೆ.
ಬಟ್ಟೆ ಎಲ್ಲಿ? ಅಂದಳು.
ಇಲ್ಲಿ ಮುಖಗಳಿಲ್ಲ. ಹತ್ತಿ ದಲ್ಲಾಳಿಗಳು, ವೈದ್ಯರು, ಒಬ್ಬ ಅಳುವವನು,
ಎಲ್ಲರೂ ಬರೀ ದನಿ.
ಬಾಯಿಮಾತಿನ ತಾಯಿಗೆ ಕಿವಿಮಾತಿನ ಮಗಳು.

ಒಂದು ಗುರುವಾರ ಬರ್ನ್‌ಲಿಯ ಔಷಧಿ ಅಂಗಡಿಯವನು ನನ್ನನ್ನೇ ಕೇಳಿದ:
ಸೆಲೀನಾ ಅಲ್ಲವೇ? ನಿಮ್ಮ ತಾಯಿ
ಇದನ್ನೊಮ್ಮೆ ಹಿಡಿದು ನೋಡಬೇಕಂತೆ.
ಆಮೇಲೆ ಉಸಿರು.
ಅಂಗಡಿ ಬಾಗಿಲಿನ ಗಂಟೆ ಒಮ್ಮೆ.
ಮತ್ತೆ ಉಸಿರು, ತುಂಡು ತುಂಡಾಗಿ, ನಡುವೆ ತುಟಿ ಅಂಟಿ ಬಿಡುವ ಸಣ್ಣ ಸದ್ದು.
ಅಮ್ಮ ಹೇಳುತ್ತಿದ್ದಳು. ಉದ್ದಕ್ಕೆ ಏನೋ ಹೇಳುತ್ತಿದ್ದಳು,
ಮೂರು ಸಾಲು ಮಗ್ಗದಾಚೆಗೆ ಹೇಳುವ ಹಾಗೆ.
ನಾನೂ ದನಿಯಿಲ್ಲದೆ ಹೂಂ ಅಂದೆ, ಹೂಂ, ಹೂಂ.

ಹಿಂದೆ ನಡೆದುಬಂದ ಮಿಸ್ ಹಾವರ್ತ್ ಕೇಳಿದಳು,
ಈ ಲೈನು ಖಾಲಿಯಲ್ಲವೇ?
ಇಲ್ಲ ಮೇಡಂ, ಮಾತಾಡುತ್ತಿದ್ದಾರೆ.

ಭಾನುವಾರ ಮನೆಗೆ ಹೋಗಿ ಕೇಳಿದೆ, ಏನು ಹೇಳಿದೆ ಅವತ್ತು?
ಅಮ್ಮ ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು
ಆಲೂಗಡ್ಡೆಯ ಬೆಲೆಯಿಂದ
ಮತ್ತೆ ಶುರುಮಾಡಿದಳು.