ನಲವತ್ತೆಂಟು ಅಂಕಿ

ರಾತ್ರಿ ತಾನೇ ತಾನಾಗಿ ಅಪ್‌ಡೇಟ್ ಆಯಿತಂತೆ.
ಬೆಳಿಗ್ಗೆ ನೀಲಿ ಪರದೆ, ಅದರಲ್ಲಿ ಕೀಲಿ ಕೇಳುವ ಒಂದೇ ಸಾಲು.
"ನಾನು ಬೀಗವನ್ನೇ ಹಾಕಿಲ್ಲ,
ಕೀಲಿ ಎಲ್ಲಿಂದ ತರಲಿ?" ಎಂದರು ಬೆರಿಲ್ ಸ್ಟಾಕ್‌ಡೇಲ್,
ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನ ನನ್ನ ಅಂಗಡಿಗೆ
ಕಂಪ್ಯೂಟರನ್ನು ಮಗುವಿನ ಹಳೇ ತಳ್ಳುಗಾಡಿಯಲ್ಲಿ ಕೂರಿಸಿ
ರೇನ್‌ಕೋಟು ಹೊದಿಸಿ ತಂದವರು.

ಒಳಗೆ ಮೂರು ಡ್ರೈವು. ಮೂರಕ್ಕೂ ಬೀಗ.
ಮೊದಲನೆಯದು ಹೋದರೆ ಹೋಗಲಿ.
ಎರಡನೆಯದರಲ್ಲಿ ಹದಿನೇಳು ವರ್ಷ ಕೂತು ಟೈಪು ಮಾಡಿದ ಪಟ್ಟಿ:
ಈ ಬಂದರಿನಿಂದ ಮೀನಿಗೆ ಹೊರಟು ಮರಳದ ಹಡಗುಗಳು,
ಒಂದೊಂದರಲ್ಲಿ ಯಾರಿದ್ದರು, ಅಡುಗೆಯವನ ಹೆಸರೇನು,
ಮೊದಲ ಸಲ ಹೊರಟ ಹುಡುಗನಿಗೆ ಎಷ್ಟು ವಯಸ್ಸು.
"ಇನ್ನೊಂದು ಪ್ರತಿ?"
"ಮೂರನೆಯದರಲ್ಲಿ ಇಟ್ಟಿದ್ದೇನೆ. ಇಟ್ಟಿರಬೇಕು."

ಕೀಲಿ ಕಳೆದಿರುವುದಿಲ್ಲ, ಎಂದೆ.
ಈ ಯಂತ್ರವನ್ನು ಮೊದಲು ತೆರೆದವರ ಖಾತೆಯಲ್ಲಿರುತ್ತದೆ.
ಅವರು ಕೈಚೀಲದ ಜಿಪ್ಪು ಎಳೆದರು, ಮುಚ್ಚಿದರು,
ಮತ್ತೆ ಎಳೆದರು.
"ಕ್ಲೈವ್."
ಆರು ವರ್ಷ, ವಕೀಲರ ಕಾಗದ ಬಿಟ್ಟರೆ
ಒಂದು ಮಾತಿಲ್ಲ.

ಫೋನು ಕೌಂಟರಿನ ಮೇಲೆ, ಸ್ಪೀಕರಿನಲ್ಲಿ.
ಕನ್ನಡಕ ಹುಡುಕುತ್ತೇನೆ ಇರು, ಎಂದಿತು ದನಿ.
ಆಮೇಲೆ ಅಂಕಿ, ಆರಾರರಂತೆ ಎಂಟು ಗುಂಪು.
ಆತ ಓದುವುದು, ಇವರು ಮರುನುಡಿಯುವುದು,
ನಾನು ಒತ್ತುವುದು, ಬಾಯೊಳಗೇ:
ನಾಲ್ಕು ಒಂದು ಏಳು, ಎರಡು ಆರು...
ಲೆಕ್ಕ ಮಾತ್ರ ನನಗೆ ಇಂದಿಗೂ
ಕನ್ನಡದಲ್ಲಲ್ಲದೆ ಆಗುವುದಿಲ್ಲ.

"ಎಂಟು."
ಯಂತ್ರ ಒಪ್ಪಲಿಲ್ಲ.
ಪ್ರತಿ ಗುಂಪೂ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗಬೇಕು,
ಹಾಗಾಗಿ ತಪ್ಪು ಅಲ್ಲೇ, ಆಗಲೇ ಸಿಕ್ಕಿಬೀಳುತ್ತದೆ.
"ಮೂರಿರಬೇಕು, ಸರಿಯಾಗಿ ನೋಡು ಕ್ಲೈವ್."
"ಮೂರು. ಹೌದು. ತಪ್ಪು ನನ್ನದೇ."
ಬೆರಿಲ್ ನನ್ನ ಕಡೆ ತಿರುಗಿದರು,
ಕೇಳಿಸಿಕೊಂಡೆ ತಾನೆ, ನೀನೇ ಸಾಕ್ಷಿ, ಎನ್ನುವ ಹಾಗೆ.

ಎರಡನೆಯದು ತೆರೆಯಿತು. ಹೆಸರುಗಳು
ಒಂದರ ಕೆಳಗೊಂದು ಬಂದು ನಿಂತವು.
"ನಮ್ಮ ವಿಲ್ಫ್ ಇದ್ದಾನಾ?" ಎಂದಿತು ಫೋನು.
"ಇದ್ದಾನೆ. ಮೊದಲ ಪುಟ."
ಆ ಕಡೆ ಸ್ವಲ್ಪ ಹೊತ್ತು ಬರೀ ಕೆಟಲಿನ ಸದ್ದು.

ಮೂರನೆಯದಕ್ಕೆ ಮತ್ತೆ ನಲವತ್ತೆಂಟು.
ಒಂದೂ ತಪ್ಪಿಲ್ಲದೆ ಓದಿದ, ನಿಧಾನವಾಗಿ,
ಮುಗಿಯುವುದು ಬೇಡವೇನೋ ಎನ್ನುವಷ್ಟು ನಿಧಾನವಾಗಿ.
ತೆರೆದು ನೋಡಿದರೆ ಬಟಾಬಯಲು.
"ಏನಿದೆ ಅದರಲ್ಲಿ?"
"ಏನೂ ಇಲ್ಲ. ಪ್ರತಿ ಮಾಡೋಣ ಅಂದುಕೊಂಡು
ಮಾಡಿಯೇ ಇಲ್ಲ."
ಆತ ನಕ್ಕ. ಇವರು ನಗಲಿಲ್ಲ,
ಫೋನನ್ನೂ ಇಡಲಿಲ್ಲ.

ಬೀಗ ಇರಲೋ, ತೆಗೆಯಲೋ, ಎಂದೆ.
"ತೆಗೆದುಬಿಡಪ್ಪ. ಮುಳುಗಿದವರ ಹೆಸರಿಗೆ ಎಂಥ ಬೀಗ."
ಹೊತ್ತು ಹಿಡಿಯುತ್ತದೆ, ಎಂದೆ. ಹಿಡಿಯಲಿ ಎಂದರು.
ಶಟರನ್ನು ಅರ್ಧ ಇಳಿಸಿದೆ.
ಹೊರಗೆ ಐದಕ್ಕೇ ಕತ್ತಲು, ಉಪ್ಪುಗಾಳಿ.
ಒಳಗೆ ಸ್ಟೂಲಿನ ಮೇಲೆ ಬೆರಿಲ್, ಕೌಂಟರಿನ ಮೇಲೆ ಕ್ಲೈವ್,
ಯಾರದೋ ಮೊಣಕಾಲಿನ ಆಪರೇಷನ್ನಿನ ಮಾತು.
ಶೇಕಡಾ ಹದಿಮೂರು.