ಹದಿಮೂರಾಣೆ, ಚಿಲ್ಲರೆ

ಕಾಗದ ನಾಲ್ಕು ಮಡಿಕೆಯದು. ಮಡಿಕೆ ಇದ್ದಲ್ಲೆಲ್ಲ
ಅಕ್ಷರ ಉದುರಿಹೋಗಿದೆ. ಉಳಿದದ್ದನ್ನು
ಪಾವಗಡದ ಬಸ್ಸಿನಲ್ಲಿ ಮೂರು ಸಲ ಓದಿದೆ:
‘ಮಗಳು ತಿಪ್ಪಕ್ಕನಿಗೆ ಸೀರೆ ಬಾಬ್ತು,
ಹಳ್ಳದಿಂದ ಬೇವಿನ ಮರದ ತನಕ ಉದ್ದ,
ಅಗಲ ಹದಿನೆಂಟು ಮೊಳ.’

ಸೀರೆಯ ಉದ್ದವೇ ಹೊಲದ ಅಗಲ.
ಬರೆದವನಿಗೆ ಇದರಲ್ಲೇನೂ ವಿಚಿತ್ರ ಕಂಡಿಲ್ಲ.

ನಾನು ಸರ್ವೆಯವಳು. ಹೆಗಲ ಮೇಲೆ ಸರಪಳಿ,
ಮೂವತ್ಮೂರು ಅಡಿಗೆ ಹದಿನಾರು ಆಣೆ.
ರೂಪಾಯಿಯಲ್ಲಿ ಎಂದೋ ಸತ್ತ ಆಣೆ
ಇದರ ಕೊಂಡಿಗಳಲ್ಲಿ ಇನ್ನೂ ಕಿಲಕಿಲ ಅನ್ನುತ್ತದೆ.
ಸರಪಳಿ ಉದ್ದ, ಸರಪಳಿ ಅಗಲ, ಅದು ಗುಂಟೆ.
ಗುಂಟೆ ನಲವತ್ತಾದರೆ ಎಕರೆ.
ಜಗಳಕ್ಕೆ ಅಷ್ಟೆಲ್ಲ ಬೇಡ.

ಅಪ್ಪ ಹೊಸಕೋಟೆಯ ಮಗ್ಗದವನು. ಅವನ ಕೋಷ್ಟಕ ಬೇರೆ:
ಎರಡು ಗೇಣಿಗೆ ಮೊಳ, ಎರಡು ಮೊಳಕ್ಕೆ ಗಜ,
ಎರಡು ಗಜಕ್ಕೆ ಮಾರು,
ಕೊನೆಗೆ, ಯಾರೂ ಕೇಳದಿದ್ದರೂ, ನಾಲ್ಕು ಬೆರಳು ಕೊಸರು.
ಕೊಸರಿಲ್ಲದ್ದು ಅಳತೆಯಲ್ಲ ಕಣೆ, ಜಿಪುಣತನ, ಎನ್ನುತ್ತಿದ್ದ.
ಸರ್ವೆ ತರಬೇತಿಯ ಆರು ತಿಂಗಳಲ್ಲಿ
ಆ ಮಾತು ಒಮ್ಮೆಯೂ ಬರಲಿಲ್ಲ.

ಕಡಲೆಕಾಯಿ ಕಿತ್ತು ವಾರವಾಗಿತ್ತು. ಮಣ್ಣು ಇನ್ನೂ ಸಡಿಲ.
ಬದುವಿನಾಚೆ ಪಾತಲಿಂಗಪ್ಪ, ಈಚೆ ಮಾರಕ್ಕ, ತಿಪ್ಪಕ್ಕನ ಮೊಮ್ಮಗಳು.
‘ಮೊಳ ಅಂದ್ರೆ ಯಾರ ಮೊಳ ಮೇಡಂ?
ಸೀರೆ ಉಡೋಳು ಅವಳು, ಅವಳ ಮೊಳ ತಾನೆ?’
‘ಕೊಟ್ಟೋನು ಅಪ್ಪ. ಅಳೆದ ಕೈ ಅಪ್ಪಂದು.’

ಜೇಬಿನ ಪುಸ್ತಕ ತೆಗೆದೆ. ಹೆಂಗಸಿನ ಕೈ ಅಂದಾಜು ಹದಿನಾರು ಅಂಗುಲ,
ಸರ್ಕಾರದ ಮೊಳ ಹದಿನೆಂಟು.
ಮೊಳಕ್ಕೆ ಎರಡಂಗುಲ ಕಡಿಮೆ,
ಹದಿನೆಂಟು ಸಲ ಕಡಿಮೆಯಾದರೆ ಒಂದು ಗಜ.
ಹಳ್ಳದಿಂದ ಮರದವರೆಗೆ ಹತ್ತು ಸರಪಳಿ, ನೂರ ಹತ್ತು ಗಜ.
ಗುಂಟೆಗೆ ಬೇಕಾದದ್ದು ನೂರಿಪ್ಪತ್ತೊಂದು.
ಅಂದರೆ ಎರಡು ವರ್ಷದಿಂದ ಈ ಎರಡು ಮನೆ
ಮಾತು ಬಿಟ್ಟಿರುವುದು
ಗುಂಟೆಗೂ ಹನ್ನೊಂದು ಚದರ ಗಜ ಕಡಿಮೆ ಜಾಗಕ್ಕೆ,
ಒಬ್ಬ ಸತ್ತ ಹೆಂಗಸಿನ ಮೊಣಕೈಯಿಂದಾಚೆಯ ಎರಡಂಗುಲಕ್ಕೆ.

ಪಾತಲಿಂಗಪ್ಪ ಕೇಳಲಿಲ್ಲ. ಟವಲ್ ಬದಿಗಿಟ್ಟು, ಮಂಡಿಯೂರಿ,
ತಾನೇ ಮೊಳ ಹಾಕತೊಡಗಿದ.
ಮೊಣಕೈ, ನಡುಬೆರಳು, ಗೀರು. ಮೊಣಕೈ, ನಡುಬೆರಳು, ಗೀರು.
ಆಳು ಉದ್ದ, ಕೈ ಇನ್ನೂ ಉದ್ದ.
ಹದಿನೆಂಟನೆಯ ಗೀರು ಬಿದ್ದಾಗ
ನನ್ನ ಸರಪಳಿಯ ಗುರುತು ಹಿಂದೆ ಉಳಿದಿತ್ತು,
ಒಂದೂವರೆ ಅಡಿ, ಪೂರ್ತಿ ಒಂದು ಮೊಳ.
ಮಾರಕ್ಕ ಸೆರಗು ಬಾಯಿಗಿಟ್ಟುಕೊಂಡಳು.
ಅವನು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ,
ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು.

ಆಮೇಲೆ ಅವಳೂ ಕೂತು ಅಳೆದಳು. ಯಾರೂ ಹೇಳಿರಲಿಲ್ಲ.
ಬಳೆ ಮೇಲಕ್ಕೆ ಸರಿಸಿ, ಒಂದೊಂದಕ್ಕೂ ಎಣಿಕೆ ಹೇಳುತ್ತಾ.
ಅವಳ ಹದಿನೆಂಟು ನನ್ನ ಗುರುತಿಗೆ ಎರಡಡಿ ಮುಂಚೆಯೇ ಮುಗಿಯಿತು.
‘ಅಜ್ಜಿ ಕೈ ನನಗಿಂತ ಗಿಡ್ಡ’ ಎಂದಳು,
ತನಗೇ ನಷ್ಟವಾಗುವ ಸಾಕ್ಷಿಯನ್ನು ಅಷ್ಟು ಸಲೀಸಾಗಿ ಹೇಳಿದವರನ್ನು
ನಾನು ಯಾವ ಹೊಲದಲ್ಲೂ ಕಂಡಿಲ್ಲ.

ನೆಲದ ಮೇಲೆ ಈಗ ಮೂರು ಗೀರು.
ನಡುವಿನದು ಪುಸ್ತಕದ್ದು. ಅದು ಯಾರ ಕೈಯೂ ಅಲ್ಲ.
ಬಳೆ ಇಲ್ಲ, ಬೆವರಿಲ್ಲ, ಕೊಸರಿಲ್ಲ.
ಅಲ್ಲೇ ಕಲ್ಲು ನೆಡಿಸಿದೆ. ಇಬ್ಬರೂ ಹೆಬ್ಬೆಟ್ಟಲ್ಲ, ಸಹಿ ಹಾಕಿದರು.

ಇಪ್ಪತ್ತೇಳು ಅಡಿ. ಸರಪಳಿಯ ಭಾಷೆಗೆ ತಂದರೆ
ಹದಿಮೂರು ಆಣೆ, ಮೇಲೆ ಎರಡೂಕಾಲು ಅಂಗುಲ.
ರಾತ್ರಿ ನಕ್ಷೆ ಬಿಡಿಸುವಾಗ ಆ ಚಿಲ್ಲರೆಗೆ ಜಾಗ ಹುಡುಕಿದೆ.
ಪೆನ್ಸಿಲ್ಲಿನ ಗೆರೆಯೇ ಅದಕ್ಕಿಂತ ದಪ್ಪ.
ಬ್ಲೇಡಿನಲ್ಲಿ ಮೊನೆ ಹೆರೆದೆ, ಮತ್ತೆ ಹೆರೆದೆ.
ಕೊನೆಗೆ ಗೆರೆಯನ್ನು ತಿಪ್ಪಕ್ಕನ ಹೊಲದ ಹೊರಗಂಚಿಗೆ ತಾಗಿಸಿ ಎಳೆದೆ,
ಒಳಗಂಚಿಗಲ್ಲ.

ಅಪ್ಪ ಇದ್ದಿದ್ದರೆ
ಇದಕ್ಕೆ ಒಂದು ಹೆಸರಿತ್ತು.